ಸ್ಟಾಕ್‌ನಾಗ 18446744073709551615 ಚೀಲ ಅಕ್ಕಿ! ಈ ನಂಬರ್ ಎಲ್ಲಿಂದ ಬಂತ್ರೀ?

ಮಂಡಿ ಗುಮಾಸ್ತ

ಎಲ್ಲಾರಿಗೂ ನಮಸ್ಕಾರ್ರೀ. ನಾ ಗಂಗಾವತಿ ಕಡಿಯಾಂವ, ಅಕ್ಕಿ ಅಂಗಡ್ಯಾಗ ಲೆಕ್ಕ ಬರಿಯೋ ಕೆಲಸ. ನಮ್ಮ ಸಾಹುಕಾರರ ಅಕ್ಕನ ಮಗ ಇಂಜಿನಿಯರಿಂಗ್ ಓದಾಕತ್ತಾನ. ಸೂಟಿಗೆ ಬಂದಾಗ ಸ್ಟಾಕ್ ಬರಿಯಾಕ ಒಂದು ಪ್ರೋಗ್ರಾಮ್ ಮಾಡಿಕೊಟ್ಟು ಹೋಗ್ಯಾನ. ಆರು ತಿಂಗಳು ಚಲೋನ ನಡದಿತ್ತು.

ನಿನ್ನೆ ಸಂಜಿಮುಂದ 25 ಕೆಜಿ ಸೋನಾ ಮಸೂರಿ ಬಾಕಿ 12 ಚೀಲ ಅಂತ ತೋರಸ್ತಿತ್ತು. ಗೋಡೌನ್‌ನಾಗ ಎಣಿಸಿದ್ರ 13. ಹದಿಮೂರೂ ಗಾಡಿಗೆ ಏರಿಸಿ ಕಳಿಸಿದ್ವಿ, ನಾನೂ ಖರೆ ಬರಿಯೂಣು ಅಂತ 13 ಅಂತ ಹೊಡದೆ. ಬಾಕಿ ಕಾಲಮ್ಮಿನ್ಯಾಗ ಇದು ಬಂತು:

18446744073709551615

ಸಾಹುಕಾರರು ನೋಡಿ, "ಇಷ್ಟು ಅಕ್ಕಿ ಇದ್ರ ನಾ ಯಾಕ ಇಲ್ಲಿ ಕುಂದರ್ತಿದ್ದೆ" ಅಂದ್ರು. ಹುಡುಗನ ಫೋನ್ ಹತ್ತವಲ್ದು. ಒಮ್ಮೆ ಬಂದ್ರ ಏನೋ ಕೆಟ್ಟೈತಿ ಅನಬಹುದು. ಬಂದ್ ಮಾಡಿ ಚಾಲೂ ಮಾಡಿ ಮತ್ತ 13 ಹೊಡದ್ರೂ ಅದ ನಂಬರ್, ಒಂದು ಅಂಕಿ ಆಕಡಿ ಈಕಡಿ ಇಲ್ಲ. ಯಾಕಂತ ತಿಳದವರು ಹೇಳ್ರಿ.

ಕೋಡುಬಳೆ

ಅಣ್ಣಾ, ನಿಮ್ಮ ತಪ್ಪೇನಿಲ್ಲ. ಹುಡುಗ ಬಾಕಿ ಇಡೋಕೆ 64 ಬಿಟ್‌ನ "ಅನ್‌ಸೈನ್ಡ್" ಡಬ್ಬಿ ತಗೊಂಡಿದ್ದಾನೆ. ಅಂದರೆ ಆ ಡಬ್ಬಿಗೆ ಮೈನಸ್ ಅನ್ನೋದೇ ಗೊತ್ತಿಲ್ಲ. ಚೀಲ ಮೈನಸ್ ಆಗೋಕೆ ಹೇಗೆ ಸಾಧ್ಯ ಅಂದ್ಕೊಂಡಿರ್ತಾನೆ ಪಾಪ.

ಹಳೇ ಸ್ಕೂಟರ್ ಮೀಟರ್ ನೆನಪು ಮಾಡ್ಕೊಳ್ಳಿ. 00000 ಇದ್ದಾಗ ಒಂದು ಕಿಲೋಮೀಟರ್ ಹಿಂದಕ್ಕೆ ತಿರುಗಿಸಿದರೆ 99999 ಬರುತ್ತೆ. ಇಲ್ಲೂ ಹಾಗೇ ಆಗಿರೋದು. 12ರಲ್ಲಿ 13 ಕಳೆದರೆ ಸೊನ್ನೆಗಿಂತ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು, ಅದು ಸುತ್ತಿಕೊಂಡು ಡಬ್ಬಿಯ ಅತಿ ದೊಡ್ಡ ಸಂಖ್ಯೆಗೆ ಹೋಗಿ ಕೂತಿದೆ. ಸ್ಕೂಟರ್ ಚಕ್ರದಲ್ಲಿ ಹತ್ತು ಅಂಕಿ, ಕಂಪ್ಯೂಟರ್ ಚಕ್ರದಲ್ಲಿ ಎರಡೇ: 0 ಮತ್ತು 1. ಅಂಥ 64 ಚಕ್ರ, ಅರವತ್ನಾಲ್ಕರಲ್ಲೂ 1. ದಶಮಾನದಲ್ಲಿ ಬರೆದರೆ ನೀವು ಕಂಡ ಸಂಖ್ಯೆ, ಅಂದರೆ 2⁶⁴ − 1. ನಮ್ಮ ಕೆಲಸದಲ್ಲಿ ಇದರ ಮುಖ ಆಗಾಗ ಕಾಣುತ್ತೆ. ಕಂಡಾಗಲೆಲ್ಲ ಎಲ್ಲೋ ಯಾರೋ ಸೊನ್ನೆಯಿಂದ ಒಂದು ಕಳೆದಿದ್ದಾರೆ ಅಂತಲೇ ಮೊದಲ ಅನುಮಾನ.

ಸದ್ಯಕ್ಕೆ ಆ ಎಂಟ್ರಿ ಅಳಿಸಿ 12 ಅಂತ ಹಾಕಿ. ಆಮೇಲೆ ಆ ಒಂದು ಚೀಲ ಎಲ್ಲಿಂದ ಬಂತು ಅಂತ ಹುಡುಕಿ.

ತುಂಗಾತೀರ

ಅಯ್ಯೋ, ಇದು ಚದುರಂಗದ ಅಕ್ಕಿ ಸಂಖ್ಯೆ! ಅಕ್ಕಿ ಅಂಗಡಿಗೇ ಬಂದು ಕೂತಿದೆಯಲ್ಲ, ಇದಕ್ಕಿಂತ ತಮಾಷೆ ಬೇಕೆ.

ಕಥೆ ಎಲ್ಲರಿಗೂ ಗೊತ್ತು: ಚದುರಂಗ ಕಂಡುಹಿಡಿದವನು ರಾಜನ ಹತ್ತಿರ ಮೊದಲ ಮನೆಗೆ 1 ಕಾಳು, ಎರಡನೆಯದಕ್ಕೆ 2, ಮೂರನೆಯದಕ್ಕೆ 4, ಹೀಗೆ 64 ಮನೆಗೂ ದುಪ್ಪಟ್ಟು ಮಾಡಿ ಕೊಡು ಅಂತ ಕೇಳಿದ. ಅರಬ್ಬಿ ಲೇಖಕ ಇಬ್ನ್ ಖಲ್ಲಿಕಾನ್ 13ನೇ ಶತಮಾನದಲ್ಲಿ ಇದನ್ನು ಬರೆದಿಟ್ಟಿದ್ದಾನೆ, ಅಲ್ಲಿ ಕಾಳು ಗೋಧಿ. ಅವನಿಗಿಂತ ಎರಡೂವರೆ ಶತಮಾನ ಮುಂಚೆ, ಕ್ರಿ.ಶ. 1000ದ ಸುಮಾರಿಗೇ, ಅಲ್ ಬಿರೂನಿ ಮೊತ್ತವನ್ನು ಕಡೇ ಅಂಕಿಯವರೆಗೂ ಸರಿಯಾಗಿ ಲೆಕ್ಕ ಹಾಕಿದ್ದ. ಅಂಬಲಪ್ಪುಳದ ಕೃಷ್ಣನ ಪಾಯಸದ ಕಥೆಯಲ್ಲಿ ಇದೇ ಅಕ್ಕಿಯಾಗುತ್ತೆ.

ಒಂದು ಸಲ ಹುಚ್ಚು ಹಿಡಿದು ಮನೆಯ ಸೋನಾ ಮಸೂರಿಯಿಂದ 1000 ಕಾಳು ಎಣಿಸಿದ್ದೆ. ಊಟದ ತಟ್ಟೆ ಮೇಲೆ ಹತ್ತು ಹತ್ತರ ಗುಪ್ಪೆ. ಅಮ್ಮ "ಅಕ್ಕಿ ಆರಿಸ್ತಿದೀಯಾ, ಭೇಷ್" ಅಂದರು, ನಾನು ಸುಮ್ಮನಿದ್ದೆ. ಅಡುಗೆಮನೆ ತಕ್ಕಡಿಯಲ್ಲಿ 14 ಗ್ರಾಂ ಬಂತು. ಅಂದರೆ ಕಾಳಿಗೆ 14 ಮಿಲಿಗ್ರಾಂ. ಈ ಲೆಕ್ಕದಲ್ಲಿ ಚದುರಂಗದ ಅಕ್ಕಿ ಸುಮಾರು 25,800 ಕೋಟಿ ಟನ್. ಇಡೀ ಜಗತ್ತು ವರ್ಷಕ್ಕೆ ಬೆಳೆಯೋ ಅಕ್ಕಿ 50 ಕೋಟಿ ಟನ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾದರೆ ಐನೂರು ವರ್ಷದ ಬೆಳೆ, ಯಾರೂ ಒಂದು ತುತ್ತೂ ಉಣ್ಣದಿದ್ದರೆ.

ಮಂಡಿ ಗುಮಾಸ್ತ

ತುಂಗಾತೀರ ಅವರ, ನಂದು ಕಾಳಲ್ರೀ, ಚೀಲ! 😄 ನಿಮ್ಮ ಲೆಕ್ಕದಾಗ 25 ಕೆಜಿ ಚೀಲಕ್ಕ ಹದಿನೆಂಟು ಲಕ್ಷ ಕಾಳು ಹತ್ರ ಹತ್ರ ಬರ್ತಾವು. ಅಷ್ಟು ಪಟ್ಟು ಹೆಚ್ಚು ನಮ್ಮ ಗೋಡೌನ್‌ನಾಗ ಐತಿ. ನಿಮ್ಮ ರಾಜಾನ ಕರಕೊಂಬರ್ರಿ, ಉದ್ರೀ ಕೊಡೂಣು.

ಕೋಡುಬಳೆ

ಹಾಕಿ ನೋಡಿದೆ. ಅಷ್ಟು ಚೀಲ, ಚೀಲಕ್ಕೆ 25 ಕೆಜಿ. ಮಂಗಳ-ಗುರುಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿ ಸೀರಿಸ್ ಅಂತ ಕುಬ್ಜಗ್ರಹ ಇದೆಯಲ್ಲ, ಅದರ ತೂಕದ ಹತ್ತಿರ ಹತ್ತಿರ ಅರ್ಧ. ಹಮಾಲಿ ಯಾರು ಕೊಡ್ತಾರೆ?

ಮೂಲೆಮನೆ ಮೇಷ್ಟ್ರು

ತಮಾಷೆ ಮುಗಿದ ಮೇಲೆ ಈ ಮುದುಕನ ಮಾತೂ ಸ್ವಲ್ಪ ಕೇಳಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು, ಈ ಸಂಖ್ಯೆಯ ಮೇಲೆ ನನಗೆ ಹಳೆಯ ಮೋಹ.

ಮೊದಲು ಇದನ್ನು ಓದುವುದು ಹೇಗೆ? ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಪತ್ರಿಕೆಯವರು ಬರೆದರೆ "1 ಲಕ್ಷ 84 ಸಾವಿರದ 467 ಕೋಟಿ ಕೋಟಿ" ಅಂತ ಏನೋ ಬರೆದಾರು. ನಮ್ಮಲ್ಲಿ ಇದಕ್ಕಿಂತ ಚೆನ್ನಾದ ಏರ್ಪಾಡು ಇತ್ತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು "ಗಣಿತಸಾರಸಂಗ್ರಹ" ಬರೆದರು. ಅದರಲ್ಲಿ 24 ಸ್ಥಾನಗಳಿಗೆ ಹೆಸರಿದೆ: ಏಕದಿಂದ ಹಿಡಿದು ಮಹಾಕ್ಷೋಭದವರೆಗೆ. ನಮ್ಮ ಸಂಖ್ಯೆಗೆ 20 ಅಂಕಿ, ಹಾಗಾಗಿ ಇಪ್ಪತ್ತನೆಯ ಸ್ಥಾನ ಮಹಾಶಂಖದಿಂದ ಶುರು. ಓದಿ:

1 ಮಹಾಶಂಖ, 8 ಶಂಖ, 4 ಮಹಾಕ್ಷೋಣಿ, 4 ಕ್ಷೋಣಿ, 6 ಮಹಾಪದ್ಮ, 7 ಪದ್ಮ, 4 ಮಹಾಖರ್ವ, 4 ಖರ್ವ, 0 ನ್ಯರ್ಬುದ, 7 ಅರ್ಬುದ, 3 ಶತಕೋಟಿ, 7 ದಶಕೋಟಿ, 0 ಕೋಟಿ, 9 ದಶಲಕ್ಷ, 5 ಲಕ್ಷ, 5 ದಶಸಹಸ್ರ, 1 ಸಹಸ್ರ, 6 ಶತ, 1 ದಶ, 5 ಏಕ.

ಇಷ್ಟು ಹೇಳಿಯೂ ಅವರ ಪಟ್ಟಿಯಲ್ಲಿ ಇನ್ನೂ ನಾಲ್ಕು ಮನೆ ಖಾಲಿ!

ಇನ್ನು ಲೆಕ್ಕ. 64 ಸಲ ದುಪ್ಪಟ್ಟು ಮಾಡುತ್ತಾ ಕೂರಬೇಕಿಲ್ಲ. ಪಿಂಗಳನ ಛಂದಃಶಾಸ್ತ್ರದಿಂದ ಬಂದು ಮಹಾವೀರಾಚಾರ್ಯರ ಗುಣಶ್ರೇಢಿಯಲ್ಲೂ ಇರುವ ಯುಕ್ತಿ ಇದು: ಘಾತ ಸಮವಾಗಿದ್ದರೆ ಅರ್ಧ ಮಾಡು, ಬೆಸವಾಗಿದ್ದರೆ ಒಂದು ಕಳೆ. ವಾಪಸು ಬರುವಾಗ ಅರ್ಧ ಮಾಡಿದ ಕಡೆ ವರ್ಗ, ಒಂದು ಕಳೆದ ಕಡೆ ಗುಣಾಕಾರ. 64 ಅರ್ಧವಾಗುತ್ತಾ 32, 16, 8, 4, 2, 1. ಆದ್ದರಿಂದ ಆರೇ ವರ್ಗ ಸಾಕು: 2, 4, 16, 256, 65536, 4294967296, 18446744073709551616. ಒಂದು ಕಳೆಯಿರಿ, ಗುಮಾಸ್ತರ ಅಕ್ಕಿ.

ಸಂದೇಹಮೂರ್ತಿ

ಹೆಸರು ಚೆನ್ನಾಗಿವೆ ಸಾರ್. ಆದರೆ ಸಂಖ್ಯೆಯಲ್ಲಿ ವಿಶೇಷ ಏನಿದೆ? ಕಂಪ್ಯೂಟರ್‌ನವರು 64 ಅಂತ ಆರಿಸ್ಕೊಂಡರು, ಅದಕ್ಕೆ ಇದು ಫೇಮಸ್. 63 ಆರಿಸಿದ್ದರೆ ಇನ್ನೊಂದು. ಅಂದಹಾಗೆ 2ರ ಘಾತದಿಂದ 1 ಕಳೆದರೆ ಅವಿಭಾಜ್ಯ ಸಂಖ್ಯೆ ಬರುತ್ತೆ ಅಂತ ಎಲ್ಲೋ ಓದಿದ್ದೆ. ಇದೂ ಅವಿಭಾಜ್ಯವೇ ಇರಬೇಕು?

ಕೋಡುಬಳೆ

ಮೂರ್ತಿಗಳೇ, ಕೊನೆಗೆ 5 ಇದೆ. 😐

ಸಂದೇಹಮೂರ್ತಿ

ಓಹ್. ಸರಿ ಸರಿ.

ಮೂಲೆಮನೆ ಮೇಷ್ಟ್ರು

ನಗಬೇಡಿ, ಮೂರ್ತಿಯವರು ಓದಿದ್ದರಲ್ಲಿ ಅರ್ಧ ಸತ್ಯ ಇದೆ. ಮರ್ಸೆನ್ ಅವಿಭಾಜ್ಯ (2ರ ಘಾತಕ್ಕಿಂತ 1 ಕಡಿಮೆ ಇರುವ ಅವಿಭಾಜ್ಯ) ಬರಬೇಕಾದರೆ ಘಾತವೇ ಅವಿಭಾಜ್ಯವಾಗಿರಬೇಕು, ಅಷ್ಟಿದ್ದರೂ ಗ್ಯಾರಂಟಿ ಇಲ್ಲ. 2⁶¹ − 1 ಅವಿಭಾಜ್ಯ, ರಷ್ಯಾದ ಪೆರ್ವುಶಿನ್ ಎಂಬ ಪಾದ್ರಿ 1883ರಲ್ಲಿ ತೋರಿಸಿದ. 64 ಮಾತ್ರ ಎರಡರಿಂದ ಮತ್ತೆ ಮತ್ತೆ ಒಡೆಯುವ ಸಂಖ್ಯೆ, ಹಾಗಾಗಿ ನಮ್ಮದೂ ಒಡೆಯುತ್ತಾ ಹೋಗುತ್ತದೆ. ಮೂರ್ತಿಯವರ "ಏನು ವಿಶೇಷ" ಅನ್ನುವುದಕ್ಕೆ ಉತ್ತರ ಈ ಒಡೆಯುವ ರೀತಿಯಲ್ಲೇ ಇದೆ.

ಎಂಟನೇ ಕ್ಲಾಸಿನ ಸೂತ್ರ: a² − b² = (a − b)(a + b). ಒಂದಕ್ಕೆ ಯಾವ ವರ್ಗ ಮಾಡಿದರೂ ಒಂದೇ. ಹಾಗಾಗಿ

2⁶⁴ − 1 = (2³² − 1)(2³² + 1) = 4294967295 × 4294967297

ಬಲಗಡೆಯದನ್ನು ಪಕ್ಕಕ್ಕಿಡಿ. ಎಡಗಡೆಯದಕ್ಕೆ ಮತ್ತೆ ಅದೇ ಸೂತ್ರ: 65535 × 65537. ಮತ್ತೆ: 65535 = 255 × 257. ಮತ್ತೆ: 255 = 15 × 17. ಮತ್ತೆ: 15 = 3 × 5. ಪಕ್ಕಕ್ಕಿಟ್ಟವನ್ನೆಲ್ಲ ಸಾಲಾಗಿ ಜೋಡಿಸಿ:

3, 5, 17, 257, 65537, 4294967297

ಪ್ರತಿಯೊಂದೂ ಹಿಂದಿನವೆಲ್ಲದರ ಗುಣಲಬ್ಧಕ್ಕೆ 2 ಕೂಡಿಸಿದ್ದು. 3 + 2 = 5. 3 × 5 + 2 = 17. 3 × 5 × 17 + 2 = 257. ಈ ಸಾಲಿನ ಮೇಲೆ 1640ರಲ್ಲಿ ಫ್ರಾನ್ಸಿನ ಫರ್ಮಾನ ಕಣ್ಣು ಬಿತ್ತು. 3 ಅವಿಭಾಜ್ಯ, 5 ಅವಿಭಾಜ್ಯ, 17, 257, 65537 ಎಲ್ಲವೂ ಅವಿಭಾಜ್ಯ. ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂದು ಅವನು ನಂಬಿದ, ಗೆಳೆಯರಿಗೆ ಕಾಗದವನ್ನೂ ಬರೆದ. ಆರನೆಯದು ಹತ್ತು ಅಂಕಿಯ 4294967297. ಕೈಯಲ್ಲಿ ಪರೀಕ್ಷಿಸುವುದು ಬೇಸರದ ಕೆಲಸ, 92 ವರ್ಷ ಯಾರೂ ಗೆರೆ ದಾಟಲಿಲ್ಲ.

1732ರಲ್ಲಿ ಆಯ್ಲರ್ ದಾಟಿದ. 4294967297 = 641 × 6700417.

ಅವನು 2, 3, 5, 7 ಅಂತ ಕಂಡಕಂಡದ್ದರಿಂದೆಲ್ಲ ಭಾಗಿಸುತ್ತಾ ಹೋಗಲಿಲ್ಲ. 2³² + 1ನ್ನು ಭಾಗಿಸುವ ಯಾವ ಅವಿಭಾಜ್ಯವಾದರೂ 64ರಿಂದ ಭಾಗಿಸಿದರೆ ಶೇಷ 1 ಬರುವಂಥದ್ದೇ ಇರಬೇಕು ಎಂಬುದು ಅವನ ಕೀಲಿ. ಅಂಥವು: 193, 257, 449, 577, 641. ಐದನೆಯ ಬಾಗಿಲಿಗೇ ಕಳ್ಳ ಸಿಕ್ಕ! ಫರ್ಮಾನಂಥವನು ಐದು ಭಾಗಾಕಾರ ಮಾಡದೆ ಬಿಟ್ಟನಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ಗುಮಾಸ್ತರ ಸಂಖ್ಯೆಯ ಪೂರ್ತಿ ಜಾತಕ:

3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯ, ಯಾವುದೂ ಎರಡು ಸಲ ಬಂದಿಲ್ಲ. ಹಾಗಾಗಿ ಭಾಜಕಗಳು 2⁷, ಅಂದರೆ 128. ತಾಳೆ ನೋಡುವುದಿದ್ದರೆ ಒಂಬತ್ತು ಕಳೆಯುವ ಹಳೇ ಪದ್ಧತಿ: ನಮ್ಮ ಸಂಖ್ಯೆಯ ಅಂಕಿ ಕೂಡಿದರೆ 87, ಅದು 15, ಅದು 6. ಏಳು ಅಪವರ್ತನಗಳ ಅಂಕಿ ಕೂಡಿದರೆ 3, 5, 8, 5, 2, 8, 7. ಇವನ್ನು ಗುಣಿಸುತ್ತಾ ಒಂಬತ್ತು ಕಳೆಯುತ್ತಾ ಹೋಗಿ, 6ಕ್ಕೇ ಬಂದು ನಿಲ್ಲುತ್ತದೆ.

ಮೂರ್ತಿಯವರೇ, 63 ಆರಿಸಿದ್ದರೂ ಒಂದು ಸಂಖ್ಯೆ ಬರುತ್ತಿತ್ತು, ನಿಜ. ಆದರೆ ಇಷ್ಟು ಅಚ್ಚುಕಟ್ಟಾಗಿ ಐದು ಮೆಟ್ಟಿಲು ಇಳಿದು ಆರನೆಯದರಲ್ಲಿ ಎಡವುವ ಸಂಖ್ಯೆ ಬರುತ್ತಿರಲಿಲ್ಲ.

ಸಂದೇಹಮೂರ್ತಿ

ಸಾರ್, 641 ಭಾಗಿಸುತ್ತೆ ಅನ್ನೋದನ್ನ ಉದ್ದ ಭಾಗಾಕಾರ ಮಾಡದೆ ನಂಬೋ ಹಾಗೆ ತೋರಿಸೋಕಾಗುತ್ತಾ? ಕ್ಯಾಲ್ಕ್ಯುಲೇಟರ್ ಬೇಡ.

ಮೂಲೆಮನೆ ಮೇಷ್ಟ್ರು

ಆಗುತ್ತದೆ, ಸೊಗಸಾಗಿದೆ ಕೂಡ. 641ಕ್ಕೆ ಎರಡು ಮುಖ ಇವೆ:

641 = 5 × 128 + 1
641 = 625 + 16

ಮೊದಲ ಮುಖದಿಂದ: 640 ಅಂದರೆ 641ಕ್ಕೆ ಒಂದು ಕಡಿಮೆ. 641ರಿಂದ ಭಾಗಿಸುವಾಗ 640ನ್ನು −1 ಎಂದೇ ಲೆಕ್ಕ ಹಿಡಿಯಬಹುದು (ಕೋಡುಬಳೆಯವರ ಸ್ಕೂಟರ್ ಮೀಟರೇ ಇದು, 641 ಹಲ್ಲಿನ ಚಕ್ರ). ಹಾಗಾದರೆ 640ರ ನಾಲ್ಕನೇ ಘಾತಕ್ಕೆ ಶೇಷ 1. ಈಗ 640 = 5 × 2⁷ ಆದ್ದರಿಂದ ಅದರ ನಾಲ್ಕನೇ ಘಾತ 625 × 2²⁸. ಎರಡನೆಯ ಮುಖದಿಂದ: 625 ಅಂದರೆ 641ಕ್ಕೆ 16 ಕಡಿಮೆ, ಆದ್ದರಿಂದ 625ರ ಜಾಗದಲ್ಲಿ −16 ಇಡಿ. 16 ಅಂದರೆ 2⁴. ಸಿಕ್ಕಿದ್ದು −2³². ಅದಕ್ಕೂ ಶೇಷ 1. ಅಂದಮೇಲೆ 2³² + 1ಕ್ಕೆ ಶೇಷ ಸೊನ್ನೆ.

ಬೋರ್ಡಿನ ಮೇಲೆ ಇದನ್ನು ಬರೆದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ "ಸಾ, ಮೋಸ ಸಾ" ಅಂದಿದ್ದ. ಅದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಸರ್ವೀಸಿನಲ್ಲಿ ಸಿಗಲಿಲ್ಲ.

ಮಂಡಿ ಗುಮಾಸ್ತ

ಮಾಸ್ತರ್ರ, ನಿಮ್ಮ ಎರಡು ಮುಖ ನನಗ ಪೂರ್ತಿ ಹತ್ತಲಿಲ್ಲ, ಖರೆ ಹೇಳ್ತೀನಿ. ಅದಕ್ಕ ಮಧ್ಯಾಹ್ನ ಗಿರಾಕಿ ಇಲ್ಲದಾಗ ಹಳೇ ಖಾತೆ ಪುಸ್ತಕದ ಹಿಂದಿನ ಹಾಳ್ಯಾಗ ಭಾಗಾಕಾರಾನ ಮಾಡಿಬಿಟ್ಟೆ. 4294ರಾಗ 641 ಆರು ಸಲ, ಉಳೀತು 448. ಒಂಬತ್ತು ಇಳಿಸಿದ್ರ 4489, ಅದರಾಗ ಏಳು ಸಲ, ಉಳಿದದ್ದು ಬರೇ 2. ಆರು ಇಳಿಸಿದ್ರ 26, ಸೊನ್ನಿ. ಏಳು ಇಳಿಸಿದ್ರ 267, ಮತ್ತ ಸೊನ್ನಿ. ಇಲ್ಲಿ ಒಮ್ಮೆ ತಪ್ಪಿದೆ, ಒಂದ ಸೊನ್ನಿ ಬರದಿದ್ದೆ, ಮ್ಯಾಲ ಹೋಗಿ ತಿದ್ದಿದೆ. ಎರಡು ಇಳಿಸಿದ್ರ 2672, ನಾಲ್ಕು ಸಲ, ಉಳೀತು 108. ಒಂಬತ್ತು ಇಳಿಸಿದ್ರ 1089, ಒಂದು ಸಲ, ಮತ್ತ ಅದ 448 ಉಳೀತು ನೋಡ್ರಿ! ಕಡೀಕ ಏಳು ಇಳಿಸಿದ್ರ 4487, 641 ಏಳ್ಲೆ 4487. ಖಲ್ಲಾಸ್. ಏನೂ ಉಳೀಲಿಲ್ಲ.

6700417 ಬರೋಬ್ಬರಿ ಬಂತು. ಸಾಹುಕಾರರು "ಯಾರ ಲೆಕ್ಕ ಅದು" ಅಂತ ಕೇಳಿದ್ರು. "ಫ್ರಾನ್ಸಿನವರದು, ಹಳೇ ಬಾಕಿ" ಅಂದೆ.

ಪಡುವಣ

ಗುಮಾಸ್ತರ ಭಾಗಾಕಾರ ಓದಿ ಖುಷಿಯಾಯ್ತು ಮಾರಾಯ್ರೆ. ನಾನು ಇದೇ ಸಂಖ್ಯೆಗೆ ಬೇರೆ ದಾರಿಯಿಂದ ಬಂದವಳು, ಮೇರು ಪ್ರಸ್ತಾರದಿಂದ. ಶಾಲೆಯಲ್ಲಿ ಪಾಸ್ಕಲ್ ತ್ರಿಕೋನ ಅಂತ ಕಲಿಸ್ತಾರಲ್ಲ, ಪಿಂಗಳನ ಸೂತ್ರಕ್ಕೆ 10ನೇ ಶತಮಾನದ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ಅದು ಮೇರು.

ಬರೀಲಿಕ್ಕೆ ಸುಲಭ: ತುದಿಯಲ್ಲಿ 1, ಕೆಳಗೆ 1 1, ಅದರ ಕೆಳಗೆ 1 2 1, ಮತ್ತೆ 1 3 3 1, ಮತ್ತೆ 1 4 6 4 1. ಈಗ ಬೆಸ ಸಂಖ್ಯೆ ಇದ್ದಲ್ಲಿ 1, ಸಮ ಇದ್ದಲ್ಲಿ 0 ಅಂತ ತಿದ್ದಿ. ಸಾಲುಗಳು ಹೀಗಾಗ್ತವೆ: 1, 11, 101, 1111, 10001, 110011, 1010101, 11111111. ದ್ವಿಮಾನದಲ್ಲಿ ಓದಿ: 1, 3, 5, 15, 17, 51, 85, 255. ಎಲ್ಲ ಮೇಷ್ಟ್ರ ಸಾಲಿನ ಸಂಖ್ಯೆಗಳೇ, ಇಲ್ಲಾ ಅವುಗಳ ಗುಣಲಬ್ಧಗಳು! ಹೀಗೇ ಇಳಿದರೆ 64ನೆಯ ಸಾಲಿನಲ್ಲಿ ಒಂದೂ ಸಮಸಂಖ್ಯೆ ಇಲ್ಲ, ಅರವತ್ನಾಲ್ಕೂ ಬೆಸ. ಅಂದರೆ 64 ಒಂದುಗಳು, ಗುಮಾಸ್ತರ ಚೀಲಗಳು.

ಇನ್ನೊಂದುಂಟು. ಕೈವಾರ ಮತ್ತು ಗೀಟುಪಟ್ಟಿ ಮಾತ್ರ ಇಟ್ಟುಕೊಂಡು ಯಾವ ಸಮಬಹುಭುಜ ಎಳೀಬಹುದು? ತ್ರಿಭುಜ, ಪಂಚಭುಜ ಗ್ರೀಕರಿಗೇ ಗೊತ್ತಿತ್ತು. 1796ರಲ್ಲಿ ಇನ್ನೂ 19 ತುಂಬದ ಗೌಸ್ 17 ಭುಜದ್ದೂ ಆಗ್ತದೆ ಅಂತ ತೋರಿಸಿದ. ಭುಜಗಳ ಸಂಖ್ಯೆ ಬೆಸ ಇದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಬೇಕು, ಬೇರೆ ಯಾವುದಕ್ಕೂ ಆಗುವುದಿಲ್ಲ ಅನ್ನುವ ಭಾಗ 1837ರಲ್ಲಿ ವಾಂಟ್ಜೆಲ್ ಸಾಧಿಸಿದ್ದು. ಗೊತ್ತಿರುವ ಫರ್ಮಾ ಅವಿಭಾಜ್ಯ ಐದೇ, ಹಾಗಾಗಿ ಇಂಥ ಬೆಸ ಬಹುಭುಜ 31 ಮಾತ್ರ. ಆ 31 ಸಂಖ್ಯೆಗಳು ಮೇರುವಿನ 2ನೇ ಸಾಲಿನಿಂದ 32ನೇ ಸಾಲಿನವರೆಗೆ ಕ್ರಮವಾಗಿ, ಒಂದೂ ಬಿಡದೆ ನಿಂತಿವೆ. ಅತಿ ದೊಡ್ಡದು 32ನೇ ಸಾಲು: 4294967295 ಭುಜ. ಎಳೆದು ನೋಡ್ಲಿಕ್ಕೆ ಹೋಗ್ಬೇಡಿ, ಕಣ್ಣಿಗೆ ವೃತ್ತವೇ.

33ನೇ ಸಾಲು ಎರಡು ತುದಿಗೆ 1, ನಡುವೆ 31 ಸೊನ್ನೆ. ಅದೇ 4294967297. ಅಲ್ಲಿಗೆ 641 ಬಂದು ಸರಪಳಿ ಕಡಿಯಿತು. ಫರ್ಮಾ ಹೇಳಿದ್ದು ಸರಿಯಾಗಿದ್ದಿದ್ದರೆ ಮೇರು ಇನ್ನೂ 32 ಸಾಲು ಇಳೀತಿತ್ತು, ಗುಮಾಸ್ತರ ಸಂಖ್ಯೆಯಷ್ಟು ಭುಜ ಇರುವ ಆಕೃತಿಯೂ ಕೈವಾರಕ್ಕೆ ಸಿಗ್ತಿತ್ತು.

ತುಂಗಾತೀರ

ಪಡುವಣ ಅವರೇ, ಎಕ್ಸೆಲ್‌ನಲ್ಲಿ 64 ಸಾಲು ಹಾಕಿ ಬೆಸ ಇದ್ದಲ್ಲಿ ಬಣ್ಣ ತುಂಬಿದೆ. ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ತ್ರಿಕೋನ, ಥೇಟ್ ರಂಗೋಲಿ. ಆದರೆ ಕೆಳಗಿನ ಸಾಲುಗಳಲ್ಲಿ ಎಕ್ಸೆಲ್ ಕೈ ಕೊಡ್ತು, ಬೆಸ ಇರಬೇಕಾದ ಕಡೆಯೂ ಸಮ ಅಂತಿದೆ.

ಕೋಡುಬಳೆ

ಎಕ್ಸೆಲ್ 15 ಅಂಕಿ ಆದಮೇಲೆ ಉಳಿದದ್ದನ್ನ ಸೊನ್ನೆ ಮಾಡುತ್ತೆ. ಗುಮಾಸ್ತರ ಸಂಖ್ಯೆ ಟೈಪ್ ಮಾಡಿ ನೋಡಿ, ಕೊನೆಗೆ 00000 ಮಾಡಿಡುತ್ತೆ. ಪೂರ್ತಿ ಸಂಖ್ಯೆ ಕೂಡಬೇಡಿ, 0 ಮತ್ತು 1 ಮಾತ್ರ ಇಟ್ಟುಕೊಳ್ಳಿ, ಮೇಲಿನ ಎರಡೂ ಒಂದೇ ಆಗಿದ್ದರೆ 0, ಬೇರೆ ಆಗಿದ್ದರೆ 1.

ತುಂಗಾತೀರ

ಬಂತು! 64ನೇ ಸಾಲು ಪೂರ್ತಿ ಬಣ್ಣ.

ಸಂದೇಹಮೂರ್ತಿ

ಇಷ್ಟೆಲ್ಲ ಆದಮೇಲೆ ನಾನೂ ಒಂದು ಸೇರಿಸ್ತೀನಿ. ಕಾಶಿಯಲ್ಲಿ ಒಂದು ದೇವಸ್ಥಾನ ಇದೆಯಂತೆ, ಮೂರು ವಜ್ರದ ಕಂಬ, 64 ಚಿನ್ನದ ಬಿಲ್ಲೆ. ಅರ್ಚಕರು ಹಗಲೂ ರಾತ್ರಿ ಒಂದೊಂದೇ ಬಿಲ್ಲೆ ಸರಿಸ್ತಾರೆ, ದೊಡ್ಡದರ ಕೆಳಗೆ ಚಿಕ್ಕದು ಬರಬಾರದು. ಪೂರ್ತಿ ಇನ್ನೊಂದು ಕಂಬಕ್ಕೆ ಹೋದ ದಿನ ಪ್ರಳಯ. ಅದಕ್ಕೆ ಬೇಕಾಗೋ ಚಲನೆಗಳೂ ಇಷ್ಟೇ ಅಂತೆ, 2⁶⁴ − 1. ನಮ್ಮ ಪೂರ್ವಿಕರಿಗೆ ಎಲ್ಲ ಗೊತ್ತಿತ್ತು.

ಪಡುವಣ

ಚಲನೆಗಳ ಲೆಕ್ಕ ಸರಿ. ದೇವಸ್ಥಾನ ಮಾತ್ರ ಇಲ್ಲ. ಅದು ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1883ರಲ್ಲಿ ಮಾರುಕಟ್ಟೆಗೆ ಬಿಟ್ಟ ಆಟಿಕೆಯ ಜೊತೆಗೆ ಹುಟ್ಟಿದ ಕಥೆ. ಹನೋಯ್ ಗೋಪುರ ಅಂತ ಹೆಸರು, ತನ್ನ ಹೆಸರಿನ ಅಕ್ಷರಗಳನ್ನೇ ಕಲಸಿ "ಸಿಯಾಮಿನ ಎನ್. ಕ್ಲಾಸ್" ಅಂತ ಬೇರೆ ಹಾಕಿಕೊಂಡಿದ್ದ. ಪೂರ್ವಿಕರನ್ನು ಇದಕ್ಕೆ ಎಳೀಬೇಡಿ, ಅವರಿಗೆ ಮೇರು ಉಂಟಲ್ಲ, ಸಾಕು.

ತುಂಗಾತೀರ

ಕಥೆ ಸುಳ್ಳಾದರೂ ಲೆಕ್ಕ ಮಜಾ ಇದೆ. ಸೆಕೆಂಡಿಗೆ ಒಂದು ಬಿಲ್ಲೆ ಅಂದ್ರೆ 584 ಕೋಟಿ ವರ್ಷ.

ಕೋಡುಬಳೆ

ಎರಡು ಸೊನ್ನೆ ನುಂಗಿದ್ರಿ. 58,454 ಕೋಟಿ ವರ್ಷ. ವಿಶ್ವದ ವಯಸ್ಸು ಸುಮಾರು 1,380 ಕೋಟಿ, ಅದರ 42 ಪಟ್ಟು. 584 ಯಾಕೆ ನೆನಪಿತ್ತು ಅಂದ್ರೆ, ಕಂಪ್ಯೂಟರಿನ 64 ಬಿಟ್ ಎಣಿಕೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ಒಂದರಂತೆ ಓಡಿದರೆ 584 ವರ್ಷಕ್ಕೆ ತುಂಬುತ್ತೆ. ಅದಕ್ಕೇ ಆ ಡಬ್ಬಿ ಇಟ್ಟುಕೊಂಡು ನಾವು ನಿಶ್ಚಿಂತೆಯಿಂದ ನಿದ್ದೆ ಮಾಡೋದು.

ಮೂಲೆಮನೆ ಮೇಷ್ಟ್ರು

ಲ್ಯೂಕಾನಿಗೆ ನಮ್ಮ ಪಂಚಾಂಗ ಗೊತ್ತಿರಲಿಲ್ಲ ಪಾಪ. ಬ್ರಹ್ಮನ ಒಂದು ಹಗಲು, ಅಂದರೆ ಕಲ್ಪ, 432 ಕೋಟಿ ವರ್ಷ. ರಾತ್ರಿಯೂ ಅಷ್ಟೇ. ದಿನಕ್ಕೆ 864 ಕೋಟಿ. 58,454ನ್ನು ಅದರಿಂದ ಭಾಗಿಸಿದರೆ 68 ದಿನಕ್ಕೆ ಸ್ವಲ್ಪ ಕಡಿಮೆ. ಬ್ರಹ್ಮನಿಗೆ ನೂರು ವರ್ಷ ಆಯುಸ್ಸು, ಅರ್ಚಕರು ಬಿಲ್ಲೆ ಜೋಡಿಸಿ ಮುಗಿಸುವ ಹೊತ್ತಿಗೆ ಅವನ ಲೆಕ್ಕದಲ್ಲಿ ಎರಡು ತಿಂಗಳು ಚಿಲ್ಲರೆ. ಪ್ರಳಯ ಎಲ್ಲಿ ಬಂತು, ಯುಗಾದಿಗೆ ಶುರು ಮಾಡಿದರೆ ಜ್ಯೇಷ್ಠಕ್ಕೇ ಮುಗಿಯಿತು.

ಇನ್ನೊಂದು ಮರೆತಿದ್ದೆ. ನಮ್ಮ ಸಂಖ್ಯೆಗೆ 2 ಕೂಡಿಸಿದರೆ ಫರ್ಮಾ ಸಾಲಿನ ಏಳನೆಯದು, 18446744073709551617. ಅದನ್ನು 1880ರಲ್ಲಿ ಫ್ರಾನ್ಸಿನ ಲ್ಯಾಂಡ್ರಿ ಒಡೆದ: 274177 × 67280421310721. ಆಗ ಅವನಿಗೆ 82 ವರ್ಷ. ಹೀಗಾಗಿ ನನಗೂ ಇನ್ನೂ ಟೈಮಿದೆ. 65537ರ ಆಚೆ ಈ ಸಾಲಿನಲ್ಲಿ ಒಂದೇ ಒಂದು ಅವಿಭಾಜ್ಯವೂ ಈವರೆಗೆ ಸಿಕ್ಕಿಲ್ಲ. ಫರ್ಮಾ ಕೈಯಾರೆ ಕಂಡ ಐದು, ಅಷ್ಟೇ.

ಸಂದೇಹಮೂರ್ತಿ

ಸರಿ ಸಾರ್, ಒಪ್ಪಿದೆ. ಆದರೆ 641 ಯಾಕೆ, 577 ಯಾಕಲ್ಲ?

ಮೂಲೆಮನೆ ಮೇಷ್ಟ್ರು

577ಕ್ಕೆ ಎರಡು ಮುಖ ಇಲ್ಲ. ನಾಳೆ ಬೆಳಿಗ್ಗೆ ಕಾಗದ ಪೆನ್ನು ಹಿಡಿದು ಕೂತ್ಕೊಳ್ಳಿ, ಹುಡುಕಿ ನೋಡಿ.

ಮಂಡಿ ಗುಮಾಸ್ತ

ಎಲ್ಲಾರಿಗೂ ಶರಣ್ರೀ. ಹುಡುಗ ರಾತ್ರಿ ಫೋನ್ ಮಾಡಿದ್ದ. ಕೋಡುಬಳೆ ಅವರು ಹೇಳಿದ್ದ ಖರೆ, ಡಬ್ಬಿ ಬದಲಿ ಮಾಡ್ತಾನಂತ, ಇನ್ನ ಮ್ಯಾಲ ಬಾಕಿಗಿಂತ ಹೆಚ್ಚು ಹೊಡದ್ರ ಕೆಂಪು ಅಕ್ಷರದಾಗ ಬೈತೈತಂತ. "641 ಗೊತ್ತೇನಪಾ" ಅಂತ ಕೇಳಿದೆ. ಗೊತ್ತಿಲ್ಲಂತ. ಭಾಗಾಕಾರದ ಹಾಳಿ ಫೋಟೋ ಹೊಡದು ಕಳಿಸೀನಿ.

ಆ ಹದಿಮೂರನೇ ಚೀಲನೂ ಪತ್ತೆ ಆತು. ಹೋದ ವಾರ ಮದುವಿ ಮನಿಯವರು ಉಳಿದ ಒಂದು ಚೀಲ ವಾಪಸ್ ತಂದು ಕೊಟ್ಟಿದ್ರಂತ. ಹಮಾಲ ಒಳಗ ಇಟ್ಟು ನನಗ ಹೇಳೂದು ಮರತಾನ. ರೊಕ್ಕ ಅವರಿಗೆ ಇನ್ನೂ ಕೊಟ್ಟಿಲ್ಲ, ಇವತ್ತ ಸಂಜಿಗೆ ಹೋಗಿ ಕೊಟ್ಟು ಬರ್ತೀನಿ.